ಊದಿದ ಮೇಲೆ ಏನಾಗುತ್ತದೆ? ಡ್ರಂಕ್ ಅಂಡ್ ಡ್ರೈವ್ ಕಾನೂನು ಬಿಡಿಸಿ ಹೇಳಿದರೆ

"ಹತ್ತು ಸಾವಿರ ಬಿಸಾಕಿದ್ರೆ ಆಯ್ತಪ್ಪ, ಬಿಡು." ಕುಡಿದು ಗಾಡಿ ಓಡಿಸುವ ಮಾತು ಬಂದಾಗ ಗುಂಪಿನಲ್ಲಿ ಒಬ್ಬರಾದರೂ ಹೀಗೆ ಹೇಳೇ ಹೇಳುತ್ತಾರೆ. ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಅನ್ನುವ ಪಟ್ಟಿಗೆ ಇದನ್ನೂ ಸೇರಿಸಿಬಿಟ್ಟಿದ್ದೇವೆ. ಆದರೆ ಕಾನೂನಿನಲ್ಲಿ ಇದರ ಜಾಗವೇ ಬೇರೆ. ಹೆಲ್ಮೆಟ್ ಫೈನ್ ಅನ್ನು ರಸ್ತೆಯಲ್ಲೇ ಕಟ್ಟಿ, ರಸೀದಿ ಜೇಬಿಗಿಟ್ಟು ಹೋಗಬಹುದು. ಕುಡಿದು ಓಡಿಸಿದ್ದಕ್ಕೆ ಅದು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್‌ನಲ್ಲಿ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿ ಇದೆ. 185ನೇ ಸೆಕ್ಷನ್ ಅದರಲ್ಲಿ ಇಲ್ಲ. ಕುಡಿದು ಓಡಿಸುವುದು ಬರುವುದು ಈ 185ರ ಅಡಿಯಲ್ಲೇ. ಅಂದರೆ ಕೋರ್ಟಿಗೆ ಹೋಗಲೇಬೇಕು. ಹತ್ತು ಸಾವಿರ ಅನ್ನುವುದು ಈ ವಿಷಯದಲ್ಲಿ ನಿಮ್ಮ ಕೈಯಿಂದ ಹೋಗುವ ಸಣ್ಣ ಮೊತ್ತ ಅಷ್ಟೇ.

ಮೊದಲು ಆ ಪ್ರಸಿದ್ಧ 30ರ ಬಗ್ಗೆ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಇದಕ್ಕಿಂತ ಜಾಸ್ತಿ ಇದ್ದರೆ ಅಪರಾಧ. ನೀವು ನೆಟ್ಟಗೆ ನಿಂತಿದ್ದೀರಾ, ಮಾತು ತೊದಲುತ್ತಿದೆಯಾ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. "ನಾನು ಸ್ಟಡಿ ಆಗೇ ಇದ್ದೆ ಸರ್" ಅನ್ನುವ ವಾದಕ್ಕೆ 185ರಲ್ಲಿ ಜಾಗ ಇಲ್ಲ. ಸಂಖ್ಯೆ ದಾಟಿದರೆ ಕೇಸ್, ಅಷ್ಟೇ.

30 ಅಂದರೆ ಎಷ್ಟು ಕುಡಿದ ಹಾಗೆ? ನಮ್ಮ ಅಳತೆಯಲ್ಲೇ ನೋಡೋಣ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. 30 ಮಿಲಿಯ ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಕುಡಿದರೆ ರಕ್ತದಲ್ಲಿ ಹೆಚ್ಚುಕಡಿಮೆ 20 ಬರುತ್ತದೆ. 60 ಮಿಲಿಯ ಲಾರ್ಜ್ ಆದರೆ 40 ದಾಟುತ್ತದೆ. ಅಲ್ಲಿಗೆ ಮಿತಿ ಮುಗಿಯಿತು. ನೈಂಟಿ ಹೊಡೆದರೆ 60ರ ಮೇಲೆ. ಒಂದು ಕ್ವಾರ್ಟರ್, ಅಂದರೆ 180 ಮಿಲಿ, ಪೂರ್ತಿ ಇಳಿಸಿದರೆ 120ರ ಆಚೆ.

"ನಾನು ಬಿಯರ್ ಅಷ್ಟೇ" ಅನ್ನುವವರಿಗೂ ಒಂದು ಲೆಕ್ಕ ಇದೆ. 650 ಮಿಲಿಯ ಮಾಮೂಲಿ ಬಿಯರ್ ಬಾಟಲಿಯಲ್ಲಿ ಶೇ. 5 ಆಲ್ಕೋಹಾಲ್ ಇದೆ ಅಂದುಕೊಳ್ಳಿ. ಅದರಲ್ಲಿ ಸುಮಾರು 26 ಗ್ರಾಂ ಆಯಿತು. ಅದೇ 70 ಕೆಜಿಯವರಿಗೆ ರಕ್ತದಲ್ಲಿ 50ಕ್ಕಿಂತ ಮೇಲೆ ಹೋಗುತ್ತದೆ. ಶೇ. 8ರ ಸ್ಟ್ರಾಂಗ್ ಆದರೆ 80 ದಾಟುತ್ತದೆ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ನೈಂಟಿಗಿಂತ ಜಾಸ್ತಿ. ಬಿಯರ್ ಅಂದರೆ ಜ್ಯೂಸ್ ಇದ್ದ ಹಾಗೆ ಅಂತ ನಂಬಿದವರು ನಮ್ಮಲ್ಲಿ ಬಹಳ ಜನ. ಈ ಲೆಕ್ಕ ಅವರಿಗೇ ಹೆಚ್ಚು ಬೇಕು.

ಇವೆಲ್ಲ ಅಂದಾಜಿನ ಸಂಖ್ಯೆಗಳು. ತೂಕ ಕಡಿಮೆ ಇದ್ದರೆ ಮಟ್ಟ ಏರುತ್ತದೆ. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ. ಹಾಗಾಗಿ ಅಷ್ಟೇ ಕುಡಿದರೂ ಅವರಲ್ಲಿ ಹೆಚ್ಚು ತೋರಿಸುತ್ತದೆ. ಹೊಟ್ಟೆ ತುಂಬಾ ಊಟ ಮಾಡಿದ್ದರೆ ನಿಧಾನವಾಗಿ ಏರುತ್ತದೆ, ಮಟ್ಟ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಆದ್ದರಿಂದ "ಇಷ್ಟು ಕುಡಿದರೆ ಸೇಫ್" ಅಂತ ಎಲ್ಲರಿಗೂ ಒಂದೇ ಅಳತೆ ಕೊಡಲು ಬರುವುದಿಲ್ಲ. ಕೊಡುವವರನ್ನು ನಂಬಲೂಬೇಡಿ.

ಇಳಿಯುವುದು ಮಾತ್ರ ಎಲ್ಲರಿಗೂ ನಿಧಾನವೇ. ಗಂಟೆಗೆ ಸುಮಾರು 15 ಮಿಲಿಗ್ರಾಂ, ಕೆಲವರಿಗೆ 10, ಇನ್ನು ಕೆಲವರಿಗೆ 20. ಆ ಕೆಲಸ ಮಾಡುವುದು ಲಿವರ್. ಅದಕ್ಕೆ ಅವಸರ ಮಾಡಿಸುವ ಉಪಾಯ ಇಲ್ಲ. ಕಾಫಿ, ಮಜ್ಜಿಗೆ, ನಿಂಬೆಹುಳಿ, ತಣ್ಣೀರು ಸ್ನಾನ, ಯಾವುದರಿಂದಲೂ ಮಟ್ಟ ಇಳಿಯುವುದಿಲ್ಲ. ನಿದ್ದೆ ಮಾಡಿದರೂ ಅದೇ ವೇಗ. ಈಗ ಮೇಲಿನ ಕ್ವಾರ್ಟರ್ ತೆಗೆದುಕೊಳ್ಳಿ. ರಾತ್ರಿ 12ಕ್ಕೆ ಮುಗಿಸಿ ಮಲಗಿದವರ ರಕ್ತದಲ್ಲಿ 128 ಇದೆ ಅಂದರೆ, ಅದು 30ಕ್ಕೆ ಇಳಿಯಲು ಆರೂವರೆ ಗಂಟೆ ಬೇಕು. ನಿಧಾನದ ದೇಹವಾದರೆ ಹತ್ತು ಗಂಟೆಯ ಹತ್ತಿರ. ಐದು ಗಂಟೆಗೆ ಎದ್ದು, ಹಲ್ಲುಜ್ಜಿ, ಮಕ್ಕಳನ್ನು ಹತ್ತಿಸಿಕೊಂಡು ಮೈಸೂರಿನ ಕಡೆ ಹೊರಟವರು ಕಾನೂನಿನ ಕಣ್ಣಲ್ಲಿ ಇನ್ನೂ ಕುಡಿದವರೇ.

ಇನ್ನು ಮಷೀನು. ಬೆಂಗಳೂರಿನ ಟ್ರಾಫಿಕ್ ಪೊಲೀಸರು ಇದನ್ನು ಆಲ್ಕೋಮೀಟರ್ ಅನ್ನುತ್ತಾರೆ. ಅಂಗೈ ಅಗಲದ ಪೆಟ್ಟಿಗೆ. ಅದರ ಬಾಯಿಗೆ ಒಂದು ಪ್ಲಾಸ್ಟಿಕ್ ನಳಿಕೆ, ಪ್ರತಿಯೊಬ್ಬರಿಗೂ ಹೊಸದು ಹಾಕಬೇಕು. ಒಂದೇ ಉಸಿರಿನಲ್ಲಿ ಕೆಲವು ಸೆಕೆಂಡು ಊದಬೇಕು. ಬರೀ ಬಾಯಿಯ ಗಾಳಿ ಸಾಲದು, ಶ್ವಾಸಕೋಶದ ಆಳದಿಂದ ಬರಬೇಕು. ಏಕೆಂದರೆ ರಕ್ತದಲ್ಲಿರುವ ಆಲ್ಕೋಹಾಲ್ ಆವಿಯಾಗಿ ಉಸಿರಿಗೆ ಸೇರುವುದು ಅಲ್ಲಿ. ಹೆಚ್ಚಿನ ಮಷೀನುಗಳ ಒಳಗೆ ಫ್ಯೂಯೆಲ್ ಸೆಲ್ ಇರುತ್ತದೆ. ಉಸಿರಿನ ಆಲ್ಕೋಹಾಲ್ ಅಲ್ಲಿ ಪ್ಲಾಟಿನಂ ಮೇಲೆ ರಾಸಾಯನಿಕವಾಗಿ ಒಡೆದು ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ. ಸುಮಾರು 2,100 ಮಿಲಿ ಉಸಿರಿನಲ್ಲಿ ಇರುವಷ್ಟೇ ಆಲ್ಕೋಹಾಲ್ 1 ಮಿಲಿ ರಕ್ತದಲ್ಲಿ ಇರುತ್ತದೆ ಅನ್ನುವ ಲೆಕ್ಕ ಹಾಕಿ ಮಷೀನು ರಕ್ತದ ಮಟ್ಟ ತೋರಿಸುತ್ತದೆ.

ಏಲಕ್ಕಿ, ಪಾನ್, ಮಿಂಟ್ ಜಗಿದರೆ ವಾಸನೆ ಮುಚ್ಚಬಹುದು, ಮಷೀನಿಗೆ ಅದರಿಂದ ಏನೂ ಆಗುವುದಿಲ್ಲ. ಉಲ್ಟಾ ಒಂದು ಸಂಗತಿ ಇದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಕ್ಕಳಿಸಿ ತಕ್ಷಣ ಊದಿದರೆ ಬಾಯಿಯಲ್ಲಿ ಉಳಿದ ಅಂಶದಿಂದ ರೀಡಿಂಗ್ ಸುಳ್ಳೇ ಏರಬಹುದು. ಹಾಗೇನಾದರೂ ಆಗಿದ್ದರೆ ಹೇಳಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಲು ಕೇಳಿ. ಬಾಯಿಯದು ಅಷ್ಟರಲ್ಲಿ ಹೋಗಿರುತ್ತದೆ, ರಕ್ತದ್ದು ಹೋಗಿರುವುದಿಲ್ಲ.

ಪ್ರಿಂಟರ್ ಇರುವ ಮಷೀನಿನಿಂದ ಒಂದು ಚೀಟಿ ಬರುತ್ತದೆ. ರೀಡಿಂಗ್, ದಿನ, ಸಮಯ, ಮಷೀನಿನ ನಂಬರ್ ಎಲ್ಲ ಅದರಲ್ಲೇ. ಮುಂದೆ ಇಡೀ ಕೇಸ್ ನಿಲ್ಲುವುದು ಈ ಚೀಟಿಯ ಮೇಲೆ. ಸಹಿ ಹಾಕುವ ಮೊದಲು ಓದಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಮಷೀನು ಸರಿಯಾಗಿ ಅಳೆಯುತ್ತಿದೆಯಾ ಅಂತ ಆಗಾಗ ಪರೀಕ್ಷೆ ಮಾಡಿಸಿರಬೇಕು. ಅದರ ದಾಖಲೆ ಕೋರ್ಟಿನಲ್ಲಿ ಕೇಳಬಹುದು.

ಊದುವುದಿಲ್ಲ ಅಂದರೆ? ಇದು ಎಲ್ಲರಿಗೂ ಬರುವ ಪ್ರಶ್ನೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಥವಾ ಸಾರಿಗೆ ಇಲಾಖೆಯ ಅಧಿಕಾರಿಗೆ, ನೀವು ಕುಡಿದಿದ್ದೀರಿ ಅಂತ ಅನುಮಾನ ಪಡಲು ಕಾರಣ ಇದ್ದರೆ, ಊದಿಸುವ ಅಧಿಕಾರ ಇದೆ. 203ನೇ ಸೆಕ್ಷನ್ ಹೇಳುವುದು ಇದನ್ನೇ. ನೀವು ಒಪ್ಪದೆ ಇದ್ದರೆ ವಾರಂಟ್ ಇಲ್ಲದೆ ಅರೆಸ್ಟ್ ಮಾಡಬಹುದು. ಆಮೇಲೆ ಸ್ಟೇಷನ್‌ನಲ್ಲಿ ರಕ್ತದ ಪರೀಕ್ಷೆಗೆ ಅವಕಾಶ ಕೊಡಬೇಕು, ಅದು 204. ಅದಕ್ಕೂ ಒಲ್ಲೆ ಅಂದರೆ 205 ಬರುತ್ತದೆ. ಸರಿಯಾದ ಕಾರಣ ಇಲ್ಲದೆ ನಿರಾಕರಿಸಿದ್ದನ್ನೇ ಕೋರ್ಟ್ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಅಂತ ಪರಿಗಣಿಸಬಹುದು. "ಊದದೇ ಇದ್ರೆ ಪ್ರೂಫೇ ಇರಲ್ಲ" ಅಂತ ಸಲಹೆ ಕೊಡುವ ಸ್ನೇಹಿತರು ಈ 205 ಓದಿರುವುದಿಲ್ಲ.

ಇದೇ ಕಾನೂನಿನಲ್ಲಿ ನಿಮ್ಮ ರಕ್ಷಣೆಗೂ ಒಂದೆರಡು ಮಾತಿವೆ. ಹೆಚ್ಚು ಜನಕ್ಕೆ ಗೊತ್ತಿಲ್ಲ. 185ರಲ್ಲಿ ಅರೆಸ್ಟ್ ಮಾಡಿದವರನ್ನು ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಡುಗಡೆ ಮಾಡಬೇಕು. ಹೆಣ್ಣುಮಗಳ ರಕ್ತ ತೆಗೆಯುವ ಡಾಕ್ಟರ್ ಗಂಡಸಾದರೆ, ಇನ್ನೊಬ್ಬ ಹೆಂಗಸಿನ ಎದುರಿನಲ್ಲೇ ತೆಗೆಯಬೇಕು. ಆ ಹೆಂಗಸು ಡಾಕ್ಟರೇ ಆಗಿರಬೇಕು ಅಂತಿಲ್ಲ. ಆಸ್ಪತ್ರೆಯಲ್ಲಿ ದಾಖಲಾಗಿರುವಾಗ ಈ ಕಾರಣಕ್ಕೆ ಅರೆಸ್ಟ್ ಮಾಡುವ ಹಾಗಿಲ್ಲ. ಇದು ಜಾಮೀನು ಸಿಗುವ ಅಪರಾಧ.

ರಕ್ತ ತೆಗೆಯುವುದರಲ್ಲೂ ಸೂಕ್ಷ್ಮ ಇದೆ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸುತ್ತಾರೆ, ಅಲ್ವಾ? ಇಲ್ಲಿ ಅದನ್ನು ಬಳಸಬಾರದು. ಸ್ಪಿರಿಟ್ ಕೂಡ ಆಲ್ಕೋಹಾಲೇ. ಬಾಟಲಿಯಲ್ಲಿ ರಕ್ತ ಹುಳಿಯದ ಹಾಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು. ಸೀಲ್, ಲೇಬಲ್, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ದಾಖಲೆ, ಎಲ್ಲ ಪಕ್ಕಾ ಇರಬೇಕು. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರಲ್ಲ, ಆ ಕೇಸಿನಲ್ಲಿ ಕಾರು ಓಡಿಸುತ್ತಿದ್ದ ಹುಡುಗನ ರಕ್ತದ ಸ್ಯಾಂಪಲ್ಲನ್ನೇ ಬದಲಾಯಿಸಿದ ಆರೋಪದ ಮೇಲೆ ವೈದ್ಯರು ಅರೆಸ್ಟ್ ಆದರು. ಇಡೀ ಕೇಸನ್ನು ಅಲ್ಲಾಡಿಸಲು ಒಂದು ಸಣ್ಣ ಬಾಟಲಿ ಸಾಕು.

2019ಕ್ಕೆ ಮೊದಲು ಇಲ್ಲಿ ಒಂದು ತೂತು ಇತ್ತು. ಹಳೆಯ 185ರಲ್ಲಿ "ಬ್ರೆತ್ ಅನಲೈಸರ್ ಪರೀಕ್ಷೆಯಲ್ಲಿ ಕಂಡುಬಂದ" ಅನ್ನುವ ಮಾತಷ್ಟೇ ಇತ್ತು. ರಕ್ತ ಪರೀಕ್ಷೆ ಮಾಡಿದ್ದರೂ ಊದಿಸಿಲ್ಲ ಅನ್ನುವ ವಾದಕ್ಕೆ ಅದು ಜಾಗ ಕೊಡುತ್ತಿತ್ತು. 2019ರ ತಿದ್ದುಪಡಿ ಲ್ಯಾಬ್ ಪರೀಕ್ಷೆಯನ್ನೂ ಸೇರಿಸಿತು. ದಂಡವೂ ಆಗಲೇ ಏರಿದ್ದು. ಮೊದಲು 2,000 ರೂಪಾಯಿವರೆಗೆ ಇತ್ತು. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲಕ್ಕೆ 10,000 ರೂಪಾಯಿ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000, ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮಾಡಿದರೆ ಮಾತ್ರ ಎರಡನೇ ಸಲ ಅನ್ನುವ ರಿಯಾಯಿತಿ ಹಿಂದೆ ಇತ್ತು, ಅದೂ ಹೋಯಿತು. ಆ ತಿಂಗಳೇ ಕರ್ನಾಟಕ ಸರ್ಕಾರ ಜನರ ಸಿಟ್ಟಿಗೆ ಮಣಿದು ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ದಂಡ 1,000ದಿಂದ 500 ಆಯಿತು. ಕುಡಿದು ಓಡಿಸಿದ್ದಕ್ಕೆ ಇಳಿಸಲಿಲ್ಲ. ಇಳಿಸಲು ಬರುವುದೂ ಇಲ್ಲ, ಏಕೆಂದರೆ ರಾಜ್ಯ ಇಳಿಸಬಹುದಾದದ್ದು ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡಗಳನ್ನು ಮಾತ್ರ.

ದಂಡ ಕಟ್ಟಿದ ಮೇಲೂ ಲೈಸೆನ್ಸ್ ವಿಷಯ ಬೇರೆಯೇ ನಡೆಯುತ್ತದೆ. ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು ಅಂತ ಕಾನೂನಿದೆ. ಆರ್‌ಟಿಒ ನಿಮ್ಮ ಮಾತು ಕೇಳಿ, ಮೊದಲ ಸಲವಾದರೆ ಮೂರು ತಿಂಗಳು ಅಮಾನತು ಮಾಡಬಹುದು. ಎರಡನೇ ಸಲವಾದರೆ ಲೈಸೆನ್ಸೇ ರದ್ದು. ಕ್ಯಾಬ್, ಲಾರಿ, ಡೆಲಿವರಿ ಗಾಡಿ ಓಡಿಸಿ ಬದುಕುವವರಿಗೆ ಹತ್ತು ಸಾವಿರಕ್ಕಿಂತ ಈ ಮೂರು ತಿಂಗಳೇ ದೊಡ್ಡ ಪೆಟ್ಟು. ಆಫೀಸಿಗೆ ಹೋಗುವವರು ಮೆಟ್ರೋ ಹತ್ತುತ್ತಾರೆ, ಇವರು ಏನು ಮಾಡಬೇಕು? ಒಂದೇ ತಪ್ಪಿಗೆ ಶಿಕ್ಷೆ ಎಲ್ಲರಿಗೂ ಒಂದೇ ಅಂತ ಪುಸ್ತಕದಲ್ಲಿದೆ, ಬದುಕಿನಲ್ಲಿ ಹಾಗಲ್ಲ.

ಗಾಡಿ ಏನಾಗುತ್ತದೆ? ಸಾಮಾನ್ಯವಾಗಿ ಸ್ಟೇಷನ್‌ನಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಈ ವಿಷಯದಲ್ಲಿ ತೆಲಂಗಾಣ ಹೈಕೋರ್ಟ್ 2021ರಲ್ಲಿ ಒಂದು ಒಳ್ಳೆಯ ಆದೇಶ ಕೊಟ್ಟಿತು. ಜೊತೆಯಲ್ಲಿ ಕುಡಿಯದ, ಲೈಸೆನ್ಸ್ ಇರುವ ಇನ್ನೊಬ್ಬರು ಇದ್ದರೆ ಅವರ ಕೈಗೆ ಗಾಡಿ ಕೊಡಬೇಕು, ಬರೀ ಕುಡಿದಿದ್ದಾರೆ ಅನ್ನುವ ಕಾರಣಕ್ಕೆ ವಶಪಡಿಸಿಕೊಳ್ಳುವ ಹಾಗಿಲ್ಲ ಅಂತ. ಅದು ಆ ರಾಜ್ಯದ ತೀರ್ಪು. ನಮ್ಮಲ್ಲಿ ಅದನ್ನೇ ತೋರಿಸಿ ರಸ್ತೆಯಲ್ಲಿ ವಾದಕ್ಕೆ ನಿಂತರೆ ಕೆಲಸ ಆಗುತ್ತದೆ ಅಂತ ನಾನು ಹೇಳಲಾರೆ.

ಇಲ್ಲಿಯವರೆಗೆ ಯಾರಿಗೂ ಏನೂ ಆಗದೆ ಸಿಕ್ಕಿಬಿದ್ದವರ ಕಥೆ. ಯಾರಾದರೂ ಸತ್ತರೆ ಲೆಕ್ಕವೇ ಬದಲಾಗುತ್ತದೆ.

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 106(1)ರಲ್ಲಿ ನಿರ್ಲಕ್ಷ್ಯದಿಂದ ಸಾವು. ಐದು ವರ್ಷದವರೆಗೆ ಜೈಲು, ಜಾಮೀನು ಸಿಗುತ್ತದೆ. ಹಳೆಯ 304-ಎ ಅಡಿಯಲ್ಲಿ ಎರಡೇ ವರ್ಷ ಇತ್ತು. 105ರಲ್ಲಿ ಕೊಲೆಯಲ್ಲದ ನರಹತ್ಯೆ. ಹತ್ತು ವರ್ಷದವರೆಗೆ, ಕೆಲವು ಸಂದರ್ಭದಲ್ಲಿ ಜೀವಾವಧಿ ಕೂಡ. ಜಾಮೀನು ಸುಲಭಕ್ಕೆ ಸಿಗುವುದಿಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಕುಡಿದು ಗುದ್ದಿದವರನ್ನು ಇವೆರಡರಲ್ಲಿ ಯಾವುದರ ಕೆಳಗೆ ಹಾಕಬೇಕು ಅನ್ನುವುದೇ ದೊಡ್ಡ ಜಗಳ. ಯಾವುದರ ಕೆಳಗೆ ಹಾಕಿದರೂ ಗುದ್ದಿದವರಿಗೆ ಕೊಲ್ಲುವ ಉದ್ದೇಶ ಇರಲಿಲ್ಲ. ವ್ಯತ್ಯಾಸ ಇರುವುದು ಅರಿವಿನಲ್ಲಿ. ಹೀಗೆ ಮಾಡಿದರೆ ಜನ ಸಾಯಬಹುದು ಅಂತ ಗೊತ್ತಿದ್ದೂ ಮಾಡಿದರೆ ಅದು ಬರೀ ನಿರ್ಲಕ್ಷ್ಯ ಅಲ್ಲ.

ಇದನ್ನು ಗಟ್ಟಿಯಾಗಿ ಹೇಳಿದ್ದು ಮುಂಬೈನ ಕಾರ್ಟರ್ ರೋಡ್ ಕೇಸ್. 2006ರ ನವೆಂಬರ್ 12ರ ಬೆಳಗಿನ ಜಾವ ಬಾಂದ್ರಾದಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹತ್ತಿತು. ಏಳು ಜನ ಸತ್ತರು, ಎಂಟು ಜನಕ್ಕೆ ಗಾಯ. ಓಡಿಸುತ್ತಿದ್ದವನ ರಕ್ತದಲ್ಲಿ 100 ಮಿಲಿಗೆ 112 ಮಿಲಿಗ್ರಾಂ ಇತ್ತು. ಮೊದಲ ಕೋರ್ಟ್ ನಿರ್ಲಕ್ಷ್ಯ ಅಂತ ಆರು ತಿಂಗಳು ಕೊಟ್ಟಿತು. ಬಾಂಬೆ ಹೈಕೋರ್ಟ್ ಅದನ್ನು ನರಹತ್ಯೆ ಅಂತ ಬದಲಾಯಿಸಿ ಮೂರು ವರ್ಷ ಮಾಡಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ದೆಹಲಿಯ ಬಿಎಂಡಬ್ಲ್ಯು ಕೇಸಿನಲ್ಲೂ ನರಹತ್ಯೆಯೇ ಸರಿ ಅಂದಿತು. 1999ರ ಜನವರಿಯಲ್ಲಿ ಆರು ಜನ ಸತ್ತ ಕೇಸ್ ಅದು. ಆದರೆ ಶಿಕ್ಷೆ ಮಾತ್ರ ಆಗಲೇ ಅನುಭವಿಸಿದ ಜೈಲು, 50 ಲಕ್ಷ ರೂಪಾಯಿ ಮತ್ತು ಎರಡು ವರ್ಷದ ಸಮುದಾಯ ಸೇವೆ. ಹದಿಮೂರು ವರ್ಷ ಎಳೆದ ಮೇಲೆ! ಕಾನೂನು ಬಿಗಿ ಇದೆ, ಶಿಕ್ಷೆ ಸಡಿಲ ಅನ್ನುವ ಸಿಟ್ಟು ಸುಮ್ಮನೆ ಬಂದದ್ದಲ್ಲ.

ಇನ್ನು ಇನ್ಶೂರೆನ್ಸ್. ಫುಲ್ ಕವರ್ ಇದೆ ಅನ್ನುವವರ ಪಾಲಿಸಿಯಲ್ಲೇ ಸಣ್ಣ ಅಕ್ಷರದಲ್ಲಿ, ಕುಡಿದು ಓಡಿಸಿದರೆ ನಿಮ್ಮ ಗಾಡಿಯ ಹಾನಿಗೆ ಹಣ ಇಲ್ಲ ಅಂತ ಬರೆದಿರುತ್ತದೆ. ಊದಿಸಿಲ್ಲ, ರಕ್ತ ಪರೀಕ್ಷೆ ಇಲ್ಲ, ಹಾಗಾಗಿ ಕುಡಿದಿದ್ದೆ ಅಂತ ಕಂಪನಿ ಹೇಗೆ ಹೇಳುತ್ತದೆ ಅಂತ ವಾದ ಮಾಡಬಹುದಾ? 2007ರ ಡಿಸೆಂಬರ್‌ನಲ್ಲಿ ಇಂಡಿಯಾ ಗೇಟ್ ಬಳಿ ಗುದ್ದಿ ಸುಟ್ಟುಹೋದ ಪೋರ್ಶೆ ಕಾರಿನ ಕೇಸಿನಲ್ಲಿ ಇದೇ ಪ್ರಶ್ನೆ ಬಂತು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು. ಪರೀಕ್ಷೆ ಇಲ್ಲದಿದ್ದರೂ ವೈದ್ಯರು ಬರೆದ ವಾಸನೆ, ಅಪಘಾತ ಆದ ರೀತಿ ಮುಂತಾದ ಸಂದರ್ಭಗಳಿಂದ ಕಂಪನಿ ಅದನ್ನು ತೋರಿಸಬಹುದು ಅಂದಿತು. ಕ್ರಿಮಿನಲ್ ಕೇಸಿನಲ್ಲಿ ಬೇಕಾದಷ್ಟು ಗಟ್ಟಿ ಪುರಾವೆ ಇಲ್ಲಿ ಬೇಡ.

ನೀವು ಗುದ್ದಿದವರ ಕುಟುಂಬಕ್ಕೆ ಪರಿಹಾರ ಬೇರೆ ವಿಷಯ. ಅವರ ತಪ್ಪೇನಿಲ್ಲವಲ್ಲ. ಹಲವು ಕೇಸುಗಳಲ್ಲಿ ಕೋರ್ಟ್‌ಗಳು ಮೊದಲು ಕಂಪನಿ ಆ ಕುಟುಂಬಕ್ಕೆ ಹಣ ಕೊಡಲಿ, ಆಮೇಲೆ ಗಾಡಿಯವರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಹೇಳಿವೆ. ದುಡಿಯುತ್ತಿದ್ದ ವಯಸ್ಸಿನವರು ಸತ್ತರೆ ಪರಿಹಾರ ಹತ್ತಾರು ಲಕ್ಷ ಆಗಬಹುದು, ಕೋಟಿಯೂ ಮುಟ್ಟಬಹುದು. ಆ ನೋಟಿಸ್ ಬರುವುದು ನಿಮ್ಮ ಮನೆಗೆ.

ಕುಡಿಯದವರೂ ಸಿಕ್ಕಿಬೀಳುವ ಒಂದು ದಾರಿ ಇದೆ. 188ನೇ ಸೆಕ್ಷನ್ ಪ್ರಕಾರ 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಗೆಳೆಯ ತೂರಾಡುತ್ತಿದ್ದಾನೆ ಅಂತ ಗೊತ್ತಿದ್ದೂ "ತಗೋ ಮಗಾ, ನೀನೇ ಓಡಿಸು" ಅಂತ ನಿಮ್ಮ ಕೀ ಕೊಟ್ಟರೆ ಈ ಸೆಕ್ಷನ್ ನಿಮ್ಮ ಮೇಲೂ ಬರಬಹುದು. ಓಡಿಸಲೇಬೇಕು ಅಂತೇನೂ ಇಲ್ಲ. ಓಡಿಸಲು ಪ್ರಯತ್ನಿಸಿದರೂ 185 ಅನ್ವಯಿಸುತ್ತದೆ. ಗಾಡಿ ಬಿಟ್ಟು ನಡೆದು ಹೊರಟು ರಸ್ತೆಯಲ್ಲಿ ಗಲಾಟೆ ಮಾಡಿದರೆ ಅದಕ್ಕೆ ನ್ಯಾಯ ಸಂಹಿತೆಯ 355 ಇದೆ. 24 ಗಂಟೆವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಇಲ್ಲವೇ ಸಮುದಾಯ ಸೇವೆ. ಹಳೆಯ ಐಪಿಸಿಯಲ್ಲಿ ಈ ದಂಡ ಹತ್ತು ರೂಪಾಯಿ ಇತ್ತು, ಬ್ರಿಟಿಷರ ಕಾಲದ ಹತ್ತು ರೂಪಾಯಿ.

ಕುಡಿಯುವ ವಯಸ್ಸಿನ ವಿಷಯದಲ್ಲಿ ಮಾತ್ರ ನಮ್ಮ ರಾಜ್ಯದ ಕಾನೂನಿಗೇ ಗೊಂದಲ. ಅಬಕಾರಿ ಕಾಯ್ದೆ 18 ಅನ್ನುತ್ತದೆ, ಅದರ ಕೆಳಗಿನ ಲೈಸೆನ್ಸ್ ನಿಯಮ 21 ಅನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18 ಮಾಡುವ ಕರಡು ಬಂತು, ವಿರೋಧ ಬಂದ ಕೂಡಲೇ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. ಬಾರ್‌ಗಳು 21 ಅಂತ ಬೋರ್ಡ್ ಹಾಕುವುದು ನಿಯಮವನ್ನು ನೋಡಿ.

ಹೊರದೇಶದಲ್ಲಿರುವ, ಹೋಗಬೇಕು ಅಂತಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಿತಿ 80, ಇಂಗ್ಲೆಂಡಿನಲ್ಲೂ 80, ಸ್ಕಾಟ್ಲೆಂಡಿನಲ್ಲಿ 50. ನಮ್ಮ 30ಕ್ಕಿಂತ ಸಡಿಲ ಅನ್ನಿಸುತ್ತದೆ. ಆದರೆ ದಾಟಿದ ಮೇಲೆ ಅಲ್ಲಿಯ ಹೊಡೆತ ಜೋರು. ಬ್ರಿಟನ್ನಿನಲ್ಲಿ ತಪ್ಪು ಸಾಬೀತಾದರೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಗಾಡಿ ಮುಟ್ಟುವ ಹಾಗಿಲ್ಲ. ಅಮೆರಿಕದಲ್ಲಿ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕುಡಿದು ಓಡಿಸಿ ಅರೆಸ್ಟ್ ಆದರೆ ವೀಸಾವನ್ನೇ ರದ್ದು ಮಾಡಬಹುದು. ಶಿಕ್ಷೆ ಆಗುವವರೆಗೂ ಕಾಯಬೇಕಿಲ್ಲ, ಅರೆಸ್ಟ್ ಆದರೆ ಸಾಕು. ಆಗ ದೇಶದೊಳಗೆ ಇರಲು ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಅಪ್ಪ ಅಮ್ಮನನ್ನು ನೋಡಲು ಊರಿಗೆ ಬಂದವರು ವಾಪಸ್ ಹೋಗಲು ಹೊಸ ವೀಸಾ ಕೇಳಬೇಕಾಗುತ್ತದೆ. ಆಗ ತುಂಬುವ ಡಿಎಸ್-160 ಅರ್ಜಿಯಲ್ಲಿ ಎಂದಾದರೂ ಅರೆಸ್ಟ್ ಆಗಿದ್ದೀರಾ ಅಥವಾ ಶಿಕ್ಷೆ ಆಗಿದೆಯಾ ಅನ್ನುವ ಪ್ರಶ್ನೆ ಇದೆ. ಯಾವ ದೇಶದಲ್ಲಿ ಅಂತ ಅದು ಕೇಳುವುದಿಲ್ಲ. ಇಂದಿರಾನಗರದಲ್ಲಿ ಊದಿ, ಬೆಂಗಳೂರಿನ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಹತ್ತು ಸಾವಿರ ಕಟ್ಟಿ ಬಂದಿದ್ದರೂ ಅಲ್ಲಿ ಹೌದು ಅಂತಲೇ ಬರೆಯಬೇಕು.